ಎರಡೂ ಒಂದೇ ನೀಲಿ

"ಕೈ ತೆಗೀರಿ."

ಬೆನ್ನ ಹಿಂದಿನಿಂದ ಬಂದ ಆ ದನಿಗೆ ನಿಜಗುಣಪ್ಪ ಬೆಚ್ಚಿದ. ಕೈಯಲ್ಲಿದ್ದ ಗಾಜಿನ ಕೊಳವೆ ಹರವಿಯ ಅಂಚಿಗೆ ತಾಗಿ ಟಣ್ ಎಂದಿತು.

ಬೈಲಹೊಂಗಲದ ನೀಲಗಾರ ಓಣಿಯಲ್ಲಿ ಶಟ್ಟೆಪ್ಪನ ಮನೆಯ ಹಿತ್ತಲು ಅದು. ನೆಲದಲ್ಲಿ ಕುತ್ತಿಗೆಯ ತನಕ ಹೂತಿದ್ದ, ನೂಲಿಗೆ ನೀಲಿ ಬಣ್ಣ ಹಾಕುವ ದೊಡ್ಡ ಮಣ್ಣಿನ ಹರವಿ. ಅದರ ಮುಂದೆ ಕೋಟು ತೊಟ್ಟ ಈ ಪರವೂರಿನವನು ಮೊಣಕಾಲೂರಿ ಕುಳಿತಿದ್ದ. ಕಟ್ಟಿಗೆಯ ಮುಚ್ಚಳ ಪಕ್ಕದಲ್ಲಿ ಬಿದ್ದಿತ್ತು.

ಬಾಗಿಲಲ್ಲಿ ನಿಂತವಳು ಶಟ್ಟೆಪ್ಪನ ಮಗಳು ಇಂದ್ರವ್ವ. ಮೊಣಕೈವರೆಗೆ ನೀಲಿ ಹತ್ತಿದ ಕೈಗಳು, ಬರಿ ವಿಭೂತಿಯ ಹಣೆ. ಕಣ್ಣಲ್ಲಿ ಬೆಂಕಿ.

"ಯಾರನ್ನ ಕೇಳಿ ಮುಚ್ಚಳ ತೆಗದ್ರಿ?"

"ಶಟ್ಟೆಪ್ಪಕಾಕಾ ಒಳಗ ಹೋಗು ಅಂದ್ರು..."

"ಹೋಗು ಅಂದಿರಬೇಕು. ಕದಡು ಅಂದಿರಲಿಕ್ಕಿಲ್ಲ. ಗಾಳಿ ಹೊಕ್ಕರ ಹರವಿ ಜಡ್ಡು ಬಿದ್ದಂಗ ಬೀಳತೈತಿ. ಮೂರು ದಿನ ಬಣ್ಣ ಕೊಡಂಗಿಲ್ಲ."

ಅವಳು ಅವನನ್ನು ಸರಿಸಿ ಕುಳಿತಳು. ಬೆರಳದ್ದಿ, ನಾಲಗೆಯ ತುದಿಗೆ ಮುಟ್ಟಿಸಿ, ಉಗುಳಿ, ಒಂದು ಹಿಡಿ ಬೆಲ್ಲ ಹಾಕಿ ಮುಚ್ಚಳ ಮುಚ್ಚಿದಳು.

ನಿಜಗುಣಪ್ಪ ಹೋಗಲಿಲ್ಲ. ನಿಂತೇ ಇದ್ದ.

"ತಪ್ಪಾತ್ರಿ. ಆದ್ರ ಒಂದು ಮಾತು ಕೇಳ್ಲ್ಯಾ? ಈಗ ನಾಲಿಗಿ ಮ್ಯಾಲೆ ಏನು ತಿಳೀತು ನಿಮಗ?"

ಇಂದ್ರವ್ವ ತಲೆ ಎತ್ತಿ ನೋಡಿದಳು. ಇಪ್ಪತ್ತೆರಡು ವರ್ಷದ ಅವಳ ಬದುಕಿನಲ್ಲಿ ಇಂಥ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಸಾವಿರದ ಒಂಬೈನೂರ ಎಂಟನೆಯ ಇಸವಿಯ ಮಾಗಿಯ ದಿನಗಳು ಅವು. ಐದು ವರ್ಷದ ಹಿಂದೆ ಪ್ಲೇಗು ಬಂದಾಗ ಊರೆಲ್ಲ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿತ್ತು. ಒಂದೇ ವಾರದಲ್ಲಿ ಇಂದ್ರವ್ವ ಗಂಡನನ್ನೂ ತಾಯಿಯನ್ನೂ ಕಳೆದುಕೊಂಡಿದ್ದಳು. ಆಗಲೂ ಶಟ್ಟೆಪ್ಪ ದಿನಾ ಬೆಳಗ್ಗೆ ಬಿಕೋ ಎನ್ನುವ ಊರೊಳಗೆ ಒಬ್ಬನೇ ಬಂದು ಹರವಿಗೆ ಬೆಲ್ಲ, ಸುಣ್ಣ, ಕುದಿಸಿದ ತಗಚಿ ಬೀಜ ಹಾಕಿ ಹೋಗುತ್ತಿದ್ದ. ಅದು ಅವನ ಅಜ್ಜ ಹೂಡಿದ ಹರವಿ. ಒಮ್ಮೆಯೂ ಸತ್ತಿರಲಿಲ್ಲ.

ಹೆಂಡತಿಯನ್ನು ಉಳಿಸಿಕೊಳ್ಳಲಾಗದವನು ಅದನ್ನಾದರೂ ಉಳಿಸಿಕೊಂಡಿದ್ದ.

ನಿಜಗುಣಪ್ಪ ರಾಮದುರ್ಗದವನು. ಅವನೂ ನೀಲಗಾರರ ಮನೆಯವನೇ. ಅವನ ಎಂಟನೇ ವಯಸ್ಸಿಗೆ ತಂದೆ ತೀರಿಕೊಂಡ. ಆ ಮನೆಯ ಹರವಿಯೂ ಅದೇ ತಿಂಗಳು ಕೆಟ್ಟಿತು. ಯಾರಿಗೂ ಸರಿಪಡಿಸಲು ಬರಲಿಲ್ಲ. ಹುಡುಗ ಸಾಲಿಯಲ್ಲಿ ಜಾಣನಾದ, ಪುಣೆಗೆ ಹೋಗಿ ರಸಾಯನಶಾಸ್ತ್ರ ಓದಿದ. ಈಗ ಮುಂಬಯಿಯ ಬಣ್ಣದ ವ್ಯಾಪಾರಿಗಳ ಒಂದು ಮಂಡಳಿ ಅವನಿಗೆ ಕೆಲಸ ಕೊಟ್ಟಿತ್ತು. ಹಳೆಯ ನೀಲಿ ಹರವಿಗಳನ್ನು ಅಭ್ಯಾಸ ಮಾಡಿ ವರದಿ ಬರೆಯಬೇಕು.

ಅವನು ಮಾತ್ರ ಬಂದದ್ದು ಬೇರೆ ಆಸೆಯಿಂದ. ಅಪ್ಪನ ಹರವಿಯಲ್ಲಿ ಏನು ಸತ್ತಿತು ಎಂದು ಅವನಿಗೆ ತಿಳಿಯಬೇಕಿತ್ತು.

ದಿನಾ ಬಂದ. ಹಿತ್ತಲ ಕಟ್ಟೆಯ ಮೇಲೆ ಕುಳಿತು ನೋಡಿದ, ಬರೆದುಕೊಂಡ, ಕೇಳಿದ. ಇಂದ್ರವ್ವನ ಸೋದರತ್ತೆ ರಾಯವ್ವ ಜೋಳ ಹಸನು ಮಾಡುತ್ತ ಇಬ್ಬರ ಮೇಲೂ ಒಂದು ಕಣ್ಣಿಟ್ಟಿರುತ್ತಿದ್ದಳು.

"ಸುಣ್ಣ ಹೆಚ್ಚಾದ್ರ ನಾಲಿಗಿ ಕಡೀತೈತಿ," ಇಂದ್ರವ್ವ ಹೇಳಿಕೊಟ್ಟಳು. "ಹುಳಿ ಹೆಚ್ಚಾದ್ರ ವಾಸನಿ ಬರತೈತಿ. ಎರಡೂ ಇಲ್ಲಂದ್ರ ಸವಿ ಅಂದಂಗ ಒಂದು ರುಚಿ ಇರತೈತಿ. ಅವತ್ತ ನೂಲು ಅದ್ದಬೇಕು."

"ನೂಲು ಮ್ಯಾಲೆತ್ತಿದಾಗ ಹಸರ ಇರತೈತಿ. ನೋಡನೋಡೂದ್ರಾಗ ನೀಲಿ ಆಕ್ಕೈತಿ. ಯಾಕಂತ ಗೊತ್ತೇನ್ರಿ?" ನಿಜಗುಣಪ್ಪ ಕೇಳಿದ.

"ಉಸರ ತಗೋತೈತಿ ಅಂತಾನ ನಮ್ಮಪ್ಪ."

ಅವನ ಮುಖ ಅರಳಿತು. "ಖರೇ ಹೇಳ್ಯಾರ ನಿಮ್ಮಪ್ಪ. ಪುಸ್ತಕದಾಗೂ ಅದ ಐತಿ."

ಸಾರಿಸಿದ ನೆಲದ ಮೇಲೆ ಸುಣ್ಣದ ಹೆಂಟೆಯಿಂದ ಅವನು ಚಿತ್ರ ಬರೆದ. ಎರಡು ಆರು ಮೂಲೆಯ ಮನೆಗಳು. ಅವಕ್ಕೆ ಅಂಟಿಕೊಂಡು ಐದು ಮೂಲೆಯ ಎರಡು ಮನೆಗಳು. ಅವೆರಡನ್ನೂ ನಟ್ಟನಡುವೆ ಜೋಡಿಸಿದ ಎರಡೆಳೆಯ ಗಂಟು.

"ಇದು ನೀಲಿ. ಇದು ನೀರಾಗ ಕರಗಂಗಿಲ್ಲ. ಹರವಿ ಹುಳಿಯುವಾಗ ಜಲಜನಕ ಅನ್ನೂದು ಬಂದು ಇಲ್ಲಿ, ಇಲ್ಲಿ ಕೂಡತೈತಿ. ಆಗ ನಡುವಿನ ಗಂಟಿನ ಒಂದೆಳಿ ಬಿಚ್ಚತೈತಿ. ಬಣ್ಣ ಹೋಗತೈತಿ. ಸುಣ್ಣದ ನೀರಾಗ ಕರಗಿ ನೂಲಿನ ಒಳಗ ಇಳೀತೈತಿ. ಹೊರಗ ಗಾಳಿ ತಾಗಿದ ಕೂಡಲೆ ಆ ಜಲಜನಕ ಬಿಟ್ಟು ಹೋಗತೈತಿ, ಗಂಟು ಮತ್ತ ಕೂಡತೈತಿ."

ಇಂದ್ರವ್ವ ಬಹಳ ಹೊತ್ತು ಆ ಗೆರೆಗಳನ್ನೇ ನೋಡಿದಳು.

"ಅಂದ್ರ... ನೀಲಿ ಸಾಯಂಗಿಲ್ಲ. ಅಡಗಿ ಕುಂದರತೈತಿ."

"ಹೌದ್ರಿ. ಅದಕ್ಕಿಂತ ಚೊಲೋ ಹೇಳಾಕ ನನಗೂ ಬರಂಗಿಲ್ಲ."

ಅವಳು ಸಾಲಿಯಲ್ಲಿ ಮೂರನೆಯ ಇಯತ್ತೆವರೆಗೆ ಓದಿದವಳು. ಮರೆತ ಅಕ್ಷರಗಳು ಒಂದೊಂದಾಗಿ ಮರಳಿದವು. ಅವನು ಬರೆದುಕೊಂಡದ್ದನ್ನು ಅವಳು ಓದಿ ತಿದ್ದತೊಡಗಿದಳು. ಬೆಳಗ್ಗೆ ಎದ್ದ ಕೂಡಲೇ ಅವಳ ಕಿವಿ ಓಣಿಯ ಕಡೆಗೇ...

'ಇದೇನಿದು ನನಗ?' ತನ್ನನ್ನೇ ಕೇಳಿಕೊಂಡಳು. 'ಮುಗದು ಹೋದದ್ದು ಅಂತ ಗಂಟು ಕಟ್ಟಿ ಇಟ್ಟಿದ್ದೆನಲ್ಲ...'

ಅವರಲ್ಲಿ ಗಂಡ ಸತ್ತವಳಿಗೆ ಉಡಿಕೆ, ಅಂದರೆ ಎರಡನೆಯ ಮದುವೆ, ಮಾಡಿಕೊಡುವ ಪದ್ಧತಿ ಇತ್ತು. ರಾಯವ್ವ ಅದನ್ನು ಎರಡು ಸಲ ಎತ್ತಿಯೂ ಇದ್ದಳು. ಇಂದ್ರವ್ವನೇ ಬೇಡವೆಂದಿದ್ದಳು.

ಶಿವರಾತ್ರಿಯ ಮರುದಿನ ನಿಜಗುಣಪ್ಪ ಪೆನ್ಸಿಲ್ ಕೆಳಗಿಟ್ಟ.

"ಶಟ್ಟೆಪ್ಪಕಾಕಾಗ ಒಂದು ಮಾತು ಕೇಳಬೇಕಂತೇನಿ. ಅದಕ್ಕ ಮೊದಲ ನಿಮ್ಮ ಒಪ್ಪಿಗಿ ಬೇಕು."

ಯಾವ ಮಾತು ಎಂದು ಅವಳು ಕೇಳಲಿಲ್ಲ. ನೂಲು ಹಿಂಡುತ್ತಿದ್ದ ಕೈ ನಿಂತಿತು.

"ಯುಗಾದಿ ಆಗ್ಲಿ," ಎಂದಳು ಮೆಲ್ಲಗೆ. "ಯುಗಾದಿ ಆದ ಮ್ಯಾಲೆ ಕೇಳ್ರಿ."

ಯುಗಾದಿ ಬರುವುದರೊಳಗೆ ಎಲ್ಲವೂ ಮುರಿದುಬಿತ್ತು.

ಆ ವರ್ಷ ಬೈಲಹೊಂಗಲದ ಪೇಟೆಗೆ ತಗಡಿನ ಡಬ್ಬಿಗಳಲ್ಲಿ ವಿಲಾಯತಿ ನೀಲಿ ಪುಡಿ ಬಂದಿತ್ತು. ಶಟ್ಟೆಪ್ಪ ಅದನ್ನು ಮುಟ್ಟಿರಲಿಲ್ಲ. "ಅದು ಬಣ್ಣಲ್ಲ, ಬಣ್ಣದ ವೇಷ," ಎನ್ನುತ್ತಿದ್ದ. ನಿಜಗುಣಪ್ಪನಿಗೆ ಅದನ್ನು ಪರೀಕ್ಷೆ ಮಾಡಬೇಕಿತ್ತು. ಶಟ್ಟೆಪ್ಪ ಹರವಿಗೆ ಹಾಕುವ ಗಿಡದ ನೀಲಿ ಬಿಲ್ಲೆಯ ಒಂದು ಚೂರು, ಡಬ್ಬಿಯ ಒಂದು ಚಿಟಿಕೆ, ಎರಡನ್ನೂ ತೊಳೆದು ಶುದ್ಧ ಮಾಡಿ ಎರಡು ಗಾಜಿನ ಕೊಳವೆಯಲ್ಲಿ ಹಾಕಿ, ಸ್ಪಿರಿಟ್ ದೀಪಕ್ಕೆ ಹಿಡಿದ.

"ಇಲ್ನೋಡ್ರಿ ಇಂದ್ರವ್ವ, ಇಲ್ನೋಡ್ರಿ..."

ಕೊಳವೆಯೊಳಗೆ ನೇರಳೆ ಬಣ್ಣದ ಹೊಗೆ ಎದ್ದಿತು. ಎರಡರಲ್ಲೂ. ತಣ್ಣಗಾದಾಗ ಗಾಜಿನ ಗೋಡೆಗೆ ಸಣ್ಣ ಸಣ್ಣ ಹರಳು ಹತ್ತಿದವು. ಇಂದ್ರವ್ವ ಉಸಿರು ಬಿಗಿಹಿಡಿದು ನೋಡಿದಳು. ಇಷ್ಟು ಚೆಲುವಾದದ್ದನ್ನು ಅವಳು ಕಂಡಿರಲಿಲ್ಲ.

"ತಮ್ಮಾ."

ಇಬ್ಬರೂ ತಿರುಗಿದರು. ಶಟ್ಟೆಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ.

"ಇದ್ರಾಗ ನಂದು ಯಾವುದು?"

ನಿಜಗುಣಪ್ಪ ಕೈಯಲ್ಲಿದ್ದ ಕೊಳವೆಗಳನ್ನು ನೋಡಿದ. ತಿಳಿದವನ ಹುರುಪಿನಲ್ಲಿ, ಎದುರಿಗಿರುವುದು ಎಪ್ಪತ್ತು ವರ್ಷದ ಮುದುಕ ಎಂಬುದನ್ನು ಮರೆತ.

"ಗುರುತು ಹಿಡ್ಯಾಕ ಬರಂಗಿಲ್ಲ ಕಾಕಾ. ಎರಡೂ ಒಂದ ವಸ್ತು."

"ಆ ಪುಡಿ ಯಾವ ಗಿಡದ್ದು?"

"ಗಿಡದ್ದಲ್ಲರಿ. ಕಲ್ಲಿದ್ದಲಿನ ಡಾಂಬರಿನಿಂದ ಮಾಡತಾರ."

"ಡಾಂಬರು," ಎಂದ ಶಟ್ಟೆಪ್ಪ. "ಮತ್ತ ನನ್ನ ಹರವಿ?"

"ಹರವಿ ಮಾತು ಬ್ಯಾರೆ ಕಾಕಾ, ಅದನ್ನ ಹೇಳತೇನಿ..."

ಅಷ್ಟರಲ್ಲಿ ಮುದುಕ ಒಳಗೆ ಹೋಗಿಬಿಟ್ಟಿದ್ದ.

ಮರುದಿನ ಶಟ್ಟೆಪ್ಪ ಹರವಿಗೆ ಏನೂ ಹಾಕಲಿಲ್ಲ. ಇಂದ್ರವ್ವ ಬೆಲ್ಲ ತಂದಾಗ ಮುಚ್ಚಳದ ಮೇಲೆ ಕೈಯಿಟ್ಟು ಕುಳಿತ.

"ಬ್ಯಾಡ ಮಗಳ. ಸಾಕು ಮಾಡೂಣು."

"ಅಪ್ಪಾ, ಹಸದೈತಿ ಅದು..."

"ಇರ್ಲಿ. ಡಾಂಬರದಾಗ ಹುಟ್ಟೂದಕ್ಕ ಮೂರು ತಲಿಮಾರು ಸವದಿವಲ್ಲ... ಸಾಕು."

ನಾಲ್ಕನೆಯ ದಿನಕ್ಕೆ ಮೇಲಿನ ತಾಮ್ರದಂಥ ಕೆನೆ ಒಡೆಯಿತು. ಒಂಬತ್ತನೆಯ ದಿನಕ್ಕೆ ಹಿತ್ತಲೆಲ್ಲ ಕೊಳೆತ ವಾಸನೆ. ಹರವಿ ಸತ್ತಿತ್ತು.

ಮಂಡಳಿಯ ಕೆಲಸಕ್ಕೆ ಪರವೂರಿಗೆ ಹೋಗಿದ್ದ ನಿಜಗುಣಪ್ಪ ಸುದ್ದಿ ತಿಳಿದು ಆ ದಿನ ಓಡುತ್ತ ಬಂದ. ಇಂದ್ರವ್ವ ಅವನನ್ನು ಹೊಸ್ತಿಲು ದಾಟಗೊಡಲಿಲ್ಲ.

"ಕೇಳ್ರಿ ಇಂದ್ರವ್ವ, ನಾ ಪೂರ್ತಿ ಹೇಳಲಿಲ್ಲ..."

"ಪೂರ್ತಿ ಹೇಳೀರಿ. ನಾವು ಒಂದೊಂದು ಹನಿ ರುಚಿ ನೋಡಿ ನಿಮಗ ಹೇಳಿಕೊಟ್ಟಿವಿ. ನೀವು ತಿಳ್ಕೊಂಡ್ರಿ. ತಿಳ್ಕೊಂಡು ಕೊಂದ್ರಿ." ಅವಳ ದನಿ ಏರಲಿಲ್ಲ. ಏರಿದ್ದರೆ ಅವನಿಗೆ ಇಷ್ಟು ನೋಯುತ್ತಿರಲಿಲ್ಲ. "ಹೋಗ್ರಿ. ನಿಮ್ಮ ವರದಿ ಬರೀರಿ."

ಅವನು ಹೋದ. ಎರಡು ತಿಂಗಳಿಗೆ ಮಂಡಳಿಯ ಅಚ್ಚಿನ ಹಾಳೆ ಊರೂರಿಗೆ ಬಂತು. ವಿಲಾಯತಿ ಪುಡಿಯೂ ಗಿಡದ ನೀಲಿಯೂ ಒಂದೇ, ಹಳೆಯ ಹರವಿಗಳು ಇನ್ನು ಬೇಕಿಲ್ಲ ಎಂದು ಅದರಲ್ಲಿತ್ತು. ಕೆಳಗೆ ನಿಜಗುಣಪ್ಪನ ಹೆಸರು. ರಾಮದುರ್ಗದ ನೇಕಾರರು ಓಣಿಯ ಉಳಿದ ಮನೆಗಳಿಗೂ ನೂಲು ಕಳಿಸುವುದನ್ನು ನಿಲ್ಲಿಸಿದರು.

ಇಂದ್ರವ್ವ ಆ ಹಾಳೆಯನ್ನು ಓದಿ ಒಲೆಗೆ ಹಾಕಿದಳು. ಅವನಿಂದ ಮರಳಿ ಬಂದ ಅಕ್ಷರದಿಂದಲೇ ಅದನ್ನು ಓದಿದ್ದು ಎಂಬುದು ಅವಳನ್ನು ಇನ್ನಷ್ಟು ಸುಟ್ಟಿತು.

ಆಷಾಢದಲ್ಲಿ ಶಟ್ಟೆಪ್ಪ ಹಾಸಿಗೆ ಹಿಡಿದ. ಒಂದು ದಿನ ಮಗಳನ್ನು ಕರೆದು, ಪೇಟೆಯಿಂದ ಆ ಪುಡಿ ತಾ ಎಂದ. ಅವಳು ದಂಗಾದಳು. ಆದರೂ ತಂದಳು. ಮುದುಕ ಗೋಡೆಗೆ ಒರಗಿ ಕುಳಿತು, ಸಣ್ಣ ಗಡಿಗೆಯಲ್ಲಿ ತಗಚಿ ಬೀಜದ ಗಂಜಿ, ಸುಣ್ಣ, ಬೆಲ್ಲ ಕೂಡಿಸಿ ಆ ಪುಡಿ ಹಾಕಿಸಿದ. ಐದನೆಯ ದಿನ ಅದು ಹುಳಿಯಿತು. ಹತ್ತಿಯ ಒಂದು ಪಟ್ಟಿ ಅದ್ದಿ ಮೇಲೆತ್ತಿ, ಅದು ಬಣ್ಣ ತಿರುಗುವ ತನಕ ಕಣ್ಣು ಮಿಟುಕಿಸದೆ ನೋಡಿದ.

"ಇದೂ ನೀಲಿನ ಮಗಳ."

ಇಂದ್ರವ್ವ ಅವನ ಕೈಯಿಂದ ಪಟ್ಟಿ ತೆಗೆದುಕೊಂಡಳು.

"ಆ ಹುಡುಗ ಸುಳ್ಳು ಹೇಳಲಿಲ್ಲ. ನಾನ ಸಿಟ್ಟಿನಾಗ ಹರವಿ ಕೊಂದೆ. ಅಂವ ಸಿಕ್ಕರ ಹೇಳು, ಶಟ್ಟೆಪ್ಪ ಹಿಂಗಂದ ಅಂತ. ಹೇಳ್ತೀ ಹೌದಿಲ್ಲೊ?"

"ಹೇಳ್ತೇನಪ್ಪಾ."

ಎರಡು ದಿನಕ್ಕೆ ಅವನು ತೀರಿಕೊಂಡ. ಸುದ್ದಿ ಕೇಳಿ ನಿಜಗುಣಪ್ಪ ಮಣ್ಣು ಮಾಡುವಾಗ ಬಂದಿದ್ದ. ದೂರ ಬೇವಿನ ಮರದ ಕೆಳಗೆ ತಲೆ ತಗ್ಗಿಸಿ ನಿಂತಿದ್ದ. ಇಂದ್ರವ್ವ ಕಂಡಳು. ಹತ್ತು ಹೆಜ್ಜೆ ನಡೆದು ಅಪ್ಪನ ಮಾತು ಮುಟ್ಟಿಸಬಹುದಿತ್ತು.

ಅವಳು ಮುಖ ತಿರುಗಿಸಿದಳು.

'ನರಳಲಿ,' ಅಂದಿತು ಮನಸ್ಸು. 'ನಮ್ಮಪ್ಪ ನರಳಿದಂಗ ಅಂವನೂ ನರಳಲಿ...'

ವರ್ಷ ಕಳೆಯಿತು. ಇಂದ್ರವ್ವ ಹತ್ತಿ ಬಿಡಿಸುವ ಕೂಲಿಗೆ ಹೋಗುತ್ತಿದ್ದಳು. ಕೈಯ ನೀಲಿ ತಿಂಗಳು ತಿಂಗಳಿಗೆ ಮಾಸುತ್ತ ಬಂದು ಉಗುರಿನ ಸಂದಿಯಲ್ಲಿ ಮಾತ್ರ ಉಳಿಯಿತು. ಸಿಟ್ಟೂ ಹಾಗೆಯೇ ಮಾಸಿತು. ಅದರ ಕೆಳಗೆ ಇದ್ದದ್ದು ಹೊರಗೆ ಬಂದಾಗ ಅವಳು ಹೆದರಿದಳು. ಅರಳೆ ಹಿಂಜುತ್ತ ಹಿಂಜುತ್ತ ಸುಮ್ಮನೆ ಅಳುತ್ತಿದ್ದಳು. ರಾಯವ್ವ ಕೇಳಿದರೆ, ಧೂಳು ಹೊಕ್ಕೈತಿ ಅತ್ತಿ, ಎನ್ನುತ್ತಿದ್ದಳು.

ಒಂದು ದಿನ ಪರಸಪ್ಪ ಬಂದ. ಶಟ್ಟೆಪ್ಪನ ಕೈಯಲ್ಲಿ ಇಪ್ಪತ್ತು ವರ್ಷ ನೂಲು ಬಣ್ಣ ಹಾಕಿಸಿಕೊಂಡು ಒಯ್ಯುತ್ತಿದ್ದ ರಾಮದುರ್ಗದ ನೇಕಾರ. ಚಹಾ ಕುಡಿದು, ಬಗಲಚೀಲದಿಂದ ಕಾಗದದ ಒಂದು ಕಟ್ಟು ತೆಗೆದ.

"ನಿಜಗುಣಪ್ಪ ಇದನ್ನ ನನ್ನ ಕಡೆ ಕೊಟ್ಟಿದ್ದ. ಆಕಿ ಕೇಳಿದ್ರ ಅಷ್ಟ ಕೊಡ್ರಿ ಅಂದಿದ್ದ. ನೀ ಕೇಳಲೇ ಇಲ್ಲವ್ವ. ಇಟ್ಟಕೊಂಡು ನನಗ ಸಾಕಾತು."

"ಏನ್ರಿ ಇದು ಕಾಕಾ?"

"ಅಂವ ಬರದ ಪೂರ್ತಿ ವರದಿ. ಮಂಡಳಿಯವರು ಮೊದಲಿನ ನಾಕು ಹಾಳಿ ಅಚ್ಚ ಹಾಕಿ, ಹಿಂದಿಂದು ಕತ್ತರಿಸಿದ್ರು. ಹಳೇ ಹರವಿ ಬೇಕಿಲ್ಲ ಅನ್ನೂ ಸಾಲು ಅವರ ಸೇರಿಸಿದ್ದು. ಅಂವ ಜಗಳ ತಗದು ಕೆಲಸ ಬಿಟ್ಟ. ಈಗ ಮುನವಳ್ಳ್ಯಾಗ ಸಾಲಿ ಮಾಸ್ತರಿಕಿ."

ಪರಸಪ್ಪ ಹೋದ ಮೇಲೆ ಇಂದ್ರವ್ವ ಕಟ್ಟು ಬಿಚ್ಚಿದಳು. ಬೆರಳಿಟ್ಟು ಸಾಲು ಸಾಲಾಗಿ ಓದಿದಳು.

'ಈ ಪುಡಿಯು ತಾನಾಗಿ ನೀರಿನಲ್ಲಿ ಕರಗದು, ಬಟ್ಟೆಗೆ ಹತ್ತದು. ಅದನ್ನು ಕರಗಿಸಲು ಗಿರಣಿಗಳು ತೀಕ್ಷ್ಣವಾದ ರಸಾಯನಗಳನ್ನು ಬಳಸುತ್ತವೆ. ಅದೇ ಕ್ರಿಯೆಯನ್ನು ನೀಲಗಾರನು ಬೆಲ್ಲ, ಸುಣ್ಣ, ತಗಚಿ ಬೀಜದಿಂದ ನಡೆಸುತ್ತಾನೆ. ಆದ್ದರಿಂದ ನೀಲಿ ಎಲ್ಲಿಂದ ಬಂದರೂ ಹರವಿಯೂ ಅದನ್ನು ಬಲ್ಲವರೂ ಬೇಕೇ ಬೇಕು. ಇವರನ್ನು ಕಳೆದುಕೊಂಡರೆ ಮತ್ತೆ ಸಂಪಾದಿಸುವುದು ಸಾಧ್ಯವಿಲ್ಲ.'

ಕೊನೆಯ ಹಾಳೆಯಲ್ಲಿ ಇನ್ನೊಂದು ಸಾಲು.

'ಈ ಕ್ರಿಯೆಯನ್ನು ನನಗೆ ಕಲಿಸಿದವರು ಬೈಲಹೊಂಗಲದ ನೀಲಗಾರ ಶಟ್ಟೆಪ್ಪನವರು ಮತ್ತು ಅವರ ಮಗಳು ಇಂದ್ರವ್ವನವರು.'

ಆ ಸಾಲಿನ ಮೇಲೆ ಕಣ್ಣೀರು ಬಿದ್ದು ಶಾಯಿ ಹರಡಿತು. ಸೆರಗಿನಿಂದ ಒತ್ತಿ ಒತ್ತಿ ತೆಗೆದಳು. ಅಪ್ಪ ಬಾಗಿಲಲ್ಲಿ ನಿಂತು 'ಮತ್ತ ನನ್ನ ಹರವಿ?' ಎಂದು ಕೇಳಿದ್ದಕ್ಕೆ ಉತ್ತರ ಇಲ್ಲಿತ್ತು. ಹೇಳಲು ಬಂದವನನ್ನು ಹೊಸ್ತಿಲಲ್ಲೇ ನಿಲ್ಲಿಸಿದ್ದು ತಾನು. ಒಂದು ವರ್ಷ... ಒಂದು ವರ್ಷ ಪೂರ್ತಿ, ಸತ್ತವನ ಮಾತನ್ನು ಸೆರಗಿನಲ್ಲಿ ಕಟ್ಟಿಕೊಂಡು ಕುಳಿತದ್ದು ತಾನು.

"ಅತ್ತಿ," ಎಂದಳು. "ಪರಸಪ್ಪಕಾಕಾನ ಗಾಡಿ ಮುನವಳ್ಳಿ ಮ್ಯಾಲೆ ಹೋಗತೈತಲ್ಲ, ಯಾವಾಗ ಹೊರಡತೈತಿ?"

ರಾಯವ್ವ ಮೊರ ಕೆಳಗಿಟ್ಟಳು. "ನಾಳೆ ಮುಂಜಾನೆ. ನಾನೂ ಬರತೇನಿ ತಡಿ."

ಮರುದಿನ ಮುಂಜಾನೆ ಹೊರಟ ಗಾಡಿ ದಾರಿಯಲ್ಲಿ ಒಂದು ಕಡೆ ತಂಗಿ, ಎರಡನೆಯ ದಿನ ಮಧ್ಯಾಹ್ನ ಮುನವಳ್ಳಿ ಮುಟ್ಟಿತು. ಸಾಲಿ ಆಗಷ್ಟೇ ಬಿಟ್ಟಿತ್ತು. ಪಡಸಾಲೆಯಲ್ಲಿ ನಿಜಗುಣಪ್ಪ ಒಬ್ಬನೇ ಹಲಗೆ ಒರೆಸುತ್ತಿದ್ದ. ಬಡಕಲಾಗಿದ್ದ. ಮೂವತ್ತಾಗದವನ ಕಿವಿಯ ಹತ್ತಿರ ನರೆ.

ರಾಯವ್ವ ಗಾಡಿಯ ಬಳಿಯೇ ನಿಂತಳು. ಇಂದ್ರವ್ವ ಮೆಟ್ಟಿಲು ಹತ್ತಿದಳು.

ಅವನು ತಿರುಗಿದ. ಕೈಯಲ್ಲಿದ್ದ ಅರಿವೆ ಹಾಗೇ ಉಳಿಯಿತು.

"ನೀವು..."

"ಒಂದು ಮಾತು ಮುಟ್ಟಸಾಕ ಬಂದೇನ್ರಿ. ವರ್ಷದ ಹಿಂದ ಮುಟ್ಟಸಬೇಕಿತ್ತು." ಎಲ್ಲವನ್ನೂ ಹೇಳಿದಳು. ಗಡಿಗೆಯನ್ನು, ಪಟ್ಟಿಯನ್ನು, ಅಪ್ಪ ಅಂದ ಒಂದೊಂದು ಅಕ್ಷರವನ್ನು. "'ಆ ಹುಡುಗ ಸುಳ್ಳು ಹೇಳಲಿಲ್ಲ' ಅಂದ ನಮ್ಮಪ್ಪ. ನಿಮಗ ಹೇಳು ಅಂದಿದ್ದ. ನಾ ಹೇಳಲಿಲ್ಲ. ಬೇಕಂತನ ಹೇಳಲಿಲ್ಲ. ನೀವು ನರಳ್ರಿ ಅಂತ."

ನಿಜಗುಣಪ್ಪ ಗೋಡೆಗೆ ಕೈ ಊರಿದ. ಭುಜಗಳು ಅಲುಗತೊಡಗಿದವು. ಗಂಡಸು ಹೀಗೆ ಅಳುವುದನ್ನು ಅವಳು ನೋಡಿರಲಿಲ್ಲ. ಸದ್ದೇ ಇರಲಿಲ್ಲ.

"ನರಳಿದ್ದು ನ್ಯಾಯ ಐತ್ರಿ," ಎಂದ ಕೊನೆಗೆ. "ಸುಳ್ಳು ಹೇಳಲಿಲ್ಲ, ಖರೆ. ಆದ್ರ ನನ್ನ ವಿದ್ಯಾದ ಹೆಮ್ಮಿ ಒಳಗ ಹೇಳಿದೆ. ಮೊದಲ ಹರವಿ ಮಾತು ಹೇಳಿ, ಆಮ್ಯಾಲೆ ಪುಡಿ ಮಾತು ಹೇಳಬೇಕಿತ್ತು. ನಮ್ಮಪ್ಪನ ಹರವಿ ಸತ್ತಾಗ ನಾ ಎಂಟು ವರ್ಷದಾಂವ, ಏನೂ ತಿಳೀತಿರಲಿಲ್ಲ. ನಿಮ್ಮಪ್ಪನ ಹರವಿ ಸಾಯುವಾಗ ಎಲ್ಲಾ ತಿಳಿದಿತ್ತು. ಆದ್ರೂ ಉಳಸಾಕ ಆಗಲಿಲ್ಲ. ಆ ವರದಿ ಬರದ ಮ್ಯಾಲೆ ರಸಾಯನದ ಪುಸ್ತಕ ತಗದಿಲ್ಲ ನಾನು."

"ವರದಿ ಓದಿದೆ."

"ಪೂರ್ತಿ?"

"ಪೂರ್ತಿ. ನನ್ನ ಹೆಸರು ಯಾಕ ಬರದ್ರಿ?"

"ಇದ್ದದ್ದನ್ನ ಬರದೇನಿ."

ಹೊರಗೆ ಎತ್ತುಗಳ ಕೊರಳ ಗಂಟೆ ಒಮ್ಮೆ ಆಡಿ ನಿಂತಿತು. ರಾಯವ್ವ ಬೇಕೆಂದೇ ಹೊಳೆಯ ಕಡೆ ಮುಖ ಮಾಡಿ ನಿಂತಿದ್ದಳು.

"ಅಪ್ಪನ ಹರವಿ ಹೋತು," ಇಂದ್ರವ್ವ ಹೇಳಿದಳು. "ಅದು ತಿರುಗಿ ಬರಂಗಿಲ್ಲ. ಆದ್ರ ಸವದತ್ತ್ಯಾಗ ಸತ್ಯವ್ವ ಅಂತ ಒಬ್ಬ ನೀಲಗಾರ ಮುದಕಿ ಅದಾಳಂತ. ಆಕಿ ಹರವಿ ಇನ್ನೂ ಜೀವಂತ ಐತಿ. ಅದರ ನೀರು ಒಂದು ತಂಬಿಗಿ ಬೇಡಿ ತಂದ್ರ ಹೊಸಾದು ಹೂಡಬಹುದು. ನನ್ನೊಬ್ಬಾಕಿ ಕೈಲೆ ಆಗಂಗಿಲ್ಲ."

ಅವನು ಅವಳನ್ನೇ ನೋಡಿದ. ಕೇಳಲು ಧೈರ್ಯ ಸಾಲದವನ ಹಾಗೆ ನಿಧಾನವಾಗಿ ಕೇಳಿದ.

"ಬರೇ ಹರವಿ ಮಾತು ಹೇಳಾಕತ್ತೀರೇನು?"

ಅವಳು ತಲೆ ಅಲ್ಲಾಡಿಸಿದಳು. ಅಲ್ಲ ಎಂದು.

"ಅವತ್ತ ಒಂದು ಮಾತು ಕೇಳಬೇಕಂದಿದ್ರಿ. ಕೇಳಾಕ ಈಗ ಅಪ್ಪ ಇಲ್ಲ. ಅತ್ತಿ ಅದಾಳ, ಆಕಿನ್ನ ಕೇಳ್ರಿ. ನನ್ನ ಒಪ್ಪಿಗಿ ಅವತ್ತ ಇತ್ತು, ಇವತ್ತೂ ಐತಿ."

"ಇಂದ್ರವ್ವ..."

"ತಡೀರಿ, ಮೊದಲ ಇದನ್ನ ಕೇಳ್ರಿ." ಸೆರಗಿನಿಂದ ಮುಖ ಒರೆಸಿಕೊಂಡಳು. "ನನಗ ಅಪ್ಪ ಭಾಳ ನೆನಪಾಗತಾನ. ನೆನಪಾದಾಗ ಒಮ್ಮೊಮ್ಮೆ ನಿಮ್ಮ ಮ್ಯಾಲೆ ಸಿಟ್ಟು ಬರತೈತಿ. ನಾಳೆನೂ ಬರಬಹುದು. ಹತ್ತು ವರ್ಷ ಆದ ಮ್ಯಾಲೂ ಬರಬಹುದು. ಅವತ್ತ ಏನ ಮಾಡ್ತೀರಿ?"

ನಿಜಗುಣಪ್ಪ ಬಹಳ ಹೊತ್ತು ಯೋಚಿಸಿದ. ತಿಳಿದದ್ದನ್ನು ಕೂಡಲೇ ಹೇಳಿಬಿಡುವ ಆ ಹಳೆಯ ಅವಸರ ಅವನಲ್ಲಿ ಉಳಿದಿರಲಿಲ್ಲ.

"ನಿಮ್ಮ ಎದುರಿಗೆ ಕುಂದರತೇನಿ," ಎಂದ. "ಸಿಟ್ಟು ಇಳಿಯೂಮಟ ಎದ್ದು ಹೋಗಂಗಿಲ್ಲ."

ಇಂದ್ರವ್ವ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಳು. ಕಣ್ಣುಗಳು ಮತ್ತೆ ತುಂಬಿದ್ದವು.

"ಹಂಗಾದ್ರ ಈಗ ಕುಂದರ್ರಿ," ಎಂದಳು.

ಅವನು ಕುಳಿತ.